ಬಾಗಿಲ ಬುಡದ ಟವೆಲ್ಲು

ನಮ್ಮ ಅಡುಗೆಮನೆಯ ಬಾಗಿಲ ಬುಡದಲ್ಲಿ ಒಂದು ಹಳೆಯ ಟವೆಲ್ಲು ಬಿದ್ದಿರುತ್ತದೆ. ಸುರುಳಿ ಸುತ್ತಿ ಮೂರು ಕಡೆ ದಾರ ಕಟ್ಟಿದ್ದು. ಒಂದು ಕಾಲಕ್ಕೆ ನೀಲಿಯಾಗಿತ್ತು, ಈಗ ಯಾವ ಬಣ್ಣವೆಂದು ಹೇಳಲು ಸಾಕ್ಷಿದಾರರು ಬೇಕು. ಬ್ಯಾಡಗಿಯ ನಮ್ಮ ಮನೆಗೆ ಬಂದವರು ಅದನ್ನು ಕಾಲೊರೆಸುವ ಬಟ್ಟೆಯೆಂದು ತಿಳಿದು ಎರಡೂ ಪಾದ ಚೆನ್ನಾಗಿ ಉಜ್ಜಿಕೊಂಡು ಒಳಗೆ ಬರುತ್ತಾರೆ. ಮೊನ್ನೆ ರಾಣೆಬೆನ್ನೂರಿನಿಂದ ಬಂದ ನನ್ನ ತಂಗಿ, "ಇದನ್ನ ಇನ್ನೂ ಯಾಕ ಇಟ್ಗೊಂಡೀ ಅಕ್ಕಾ, ಒಗದು ಬಿಡು" ಎಂದು ಕಾಲಿನಿಂದಲೇ ಹಿತ್ತಲಿಗೆ ತಳ್ಳಿದಳು. ಅವಳು ಬಸ್ಸು ಹತ್ತಿದ ಮೇಲೆ ನಾನು ಅದನ್ನು ಹುಡುಕಿ ತಂದು, ಝಾಡಿಸಿ, ಮೊದಲಿನ ಜಾಗದಲ್ಲೇ ಇಟ್ಟೆ. ಈಗ ಅದಕ್ಕೇನೂ ಕೆಲಸವಿಲ್ಲ.

ಅದನ್ನು ಅಲ್ಲಿ ತಂದಿಟ್ಟದ್ದು ನನ್ನ ಗಂಡನ ಅಡುಗೆಯ ವಾಸನೆ ನನ್ನ ಸೀರೆಗೆ ಹತ್ತಬಾರದೆಂದು. ಇಷ್ಟು ಹೇಳಿದೊಡನೆ ನೀವು ಯಾರ ಪಕ್ಷ ವಹಿಸುತ್ತೀರಿ ಎಂದು ನನಗೆ ಗೊತ್ತು. ಗಂಡ ಅಡುಗೆ ಮಾಡಿ ಹಾಕಿದರೂ ಇವಳದೊಂದು ತಕರಾರೇ ಎನ್ನುತ್ತೀರಿ. ನಾನು ಗಣಿತ ಕಲಿಸುವ ಹಾವೇರಿಯ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲೂ ಅದನ್ನೇ ಅಂದರು. ಆದರೆ ಬೆಳಿಗ್ಗೆ ಏಳು ಗಂಟೆಗೆ ಮುಚ್ಚಿದ ಅಡುಗೆಮನೆಯಲ್ಲಿ ಇಡೀ ಗಡ್ಡೆ ಬೆಳ್ಳುಳ್ಳಿ ಕಪ್ಪಾಗುವವರೆಗೆ ಹುರಿದ ಎಣ್ಣೆಗೆ ಚಮಚೆಗಟ್ಟಲೆ ಇಂಗು ಸುರಿದರೆ ಏನಾಗುತ್ತದೆ ಎಂಬುದು ಅವರಿಗೇನು ಗೊತ್ತು?

ನಮ್ಮ ಮನೆಯವರು ಮೂವತ್ತು ವರ್ಷದಿಂದ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ಮಾಲು ನೋಡುವವರು. ಎಂದರೆ, ಹೊರಗಿನಿಂದ ಬರುವ ಖರೀದಿದಾರರ ಪರವಾಗಿ ಚೀಲದಲ್ಲಿ ಕೈಯಿಟ್ಟು ಯಾವ ಮಾಲು ಕೊಳ್ಳಬಹುದು, ಯಾವುದು ಬೇಡ ಎಂದು ಹೇಳುವುದು ಅವರ ಕೆಲಸ. ಈರಣ್ಣ ಅಂದರೆ ಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಬೀಜ ಗಲಗಲ ಅನ್ನಬೇಕು. ಆಮೇಲೆ ಮುರಿದು ಮೂಗಿಗೆ ಹಿಡಿಯುತ್ತಾರೆ. ಕಣದಲ್ಲಿ ಎಷ್ಟು ದಿನ ಒಣಗಿತ್ತು, ನಡುವೆ ಮಳೆ ಹನಿ ಬಿದ್ದಿತ್ತೋ ಇಲ್ಲವೋ, ಹೋದ ವರ್ಷದ್ದನ್ನು ಕೋಲ್ಡ್ ಸ್ಟೋರೇಜಿನಿಂದ ತೆಗೆದು ಹೊಸದರ ಜೊತೆ ಬೆರೆಸಿದ್ದಾರೋ, ಎಲ್ಲವೂ ಆ ಒಂದು ಉಸಿರಿನಲ್ಲಿ ತಿಳಿಯುತ್ತದೆ. "ಇದು ಚೀಲದ ಬುಡದಾಗ ಮುಗ್ಗೇತಿ ನೋಡ್ರಿ" ಎಂದರೆ ಮುಗಿಯಿತು. ಸುರಿದು ನೋಡಿದರೆ ಮುಗ್ಗಿಯೇ ಇರುತ್ತದೆ.

ಇನ್ನು ನನ್ನ ಮೂಗಿನ ವಿಷಯ. ಆತ್ಮಪ್ರಶಂಸೆ ಕೆಟ್ಟದ್ದು, ಆದರೆ ಈ ಒಂದು ವಿಷಯದಲ್ಲಿ ನನಗೆ ನಾಚಿಕೆಯಿಲ್ಲ. ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಶಾಲೆಯಿಂದ ಬರುವಾಗ ಕಣ್ಣು ಮುಚ್ಚಿಕೊಂಡು ನಡೆದರೂ ಯಾರ ಮನೆಯ ಮುಂದಿದ್ದೇನೆ ಎಂದು ಹೇಳುತ್ತಿದ್ದೆ. ಮೊದಲನೆಯದು ಪುಂಡಿಪಲ್ಯದ ಹುಳಿ, ಎರಡನೆಯದು ಹಸಿ ಸೀಮೆಎಣ್ಣೆಯ ಸ್ಟೋವು, ಮೂರನೆಯದು ಕಾಯಿಸಿದ ಬೆಣ್ಣೆ. ಮೂರನೆಯ ಮನೆಯಲ್ಲಿ ಹೋಳಿಗೆಯ ಹೂರಣ ಬೇಯುವ ದಿನ ನಾನು ಏನೋ ನೆಪ ತೆಗೆದು ಅವರ ಕಟ್ಟೆಯ ಮೇಲೆ ಕೂತು ಲೆಕ್ಕ ಬಿಡಿಸುತ್ತಿದ್ದೆ. ನನ್ನ ಗಣಿತ ಅಷ್ಟು ಗಟ್ಟಿಯಾದದ್ದು ಆ ಕಟ್ಟೆಯ ಮೇಲೆಯೇ. ಅವ್ವನಿಗೆ ಅವಮಾನವಾಗಿ, "ಇದು ಮೂಗಲ್ಲ, ಭಿಕ್ಷಾಪಾತ್ರಿ" ಎಂದು ಕಿವಿ ಹಿಂಡಿ ಎಳೆದು ತರುತ್ತಿದ್ದಳು.

ಇವರು ನನ್ನನ್ನು ನೋಡಲು ಬಂದ ದಿನ ಅವ್ವ ಒಗ್ಗರಣೆ ಅವಲಕ್ಕಿ ಮಾಡಿದ್ದಳು. ಹಿರಿಯರೆಲ್ಲ ಚೆನ್ನಾಗಿದೆ ಚೆನ್ನಾಗಿದೆ ಎನ್ನುತ್ತಿರುವಾಗ ಈ ವರ ಮಹಾಶಯರು ತಟ್ಟೆಯ ಮೇಲೆ ಒಂದು ಕ್ಷಣ ಬಾಗಿ, "ಮೆಣಸಿನಕಾಯಿ ಹ್ವಾದ ವರ್ಷದ್ದು ಕಾಣತೈತಿ" ಅಂದುಬಿಟ್ಟರು. ಅವರ ಅಪ್ಪ ಕೆಮ್ಮಿದರು. ನಮ್ಮ ಅಪ್ಪ ಛತ್ತು ನೋಡಿದರು. ನಾನು ಬಾಗಿಲ ಹಿಂದೆ ನಿಂತವಳು ಫಕ್ಕನೆ ನಕ್ಕುಬಿಟ್ಟೆ. ಏಕೆಂದರೆ ಬೆಳಿಗ್ಗೆಯೇ ನಾನು ಅವ್ವನಿಗೆ ಅದೇ ಮಾತು ಹೇಳಿ ಬೈಸಿಕೊಂಡಿದ್ದೆ. ಎತ್ತರ, ಬಣ್ಣ, ನೌಕರಿ ಯಾವುದನ್ನೂ ನಾನು ವಿಚಾರಿಸಲಿಲ್ಲ. ಈ ಮೂಗಿನ ಜೊತೆ ಬಾಳಬಹುದು ಅನ್ನಿಸಿತು, ಹೂಂ ಅಂದೆ.

ಬಾಳಿದ್ದೂ ಹಾಗೆಯೇ. ಅಡುಗೆ ನನ್ನದು, ಪರೀಕ್ಷೆ ಅವರದು. ಮಸಾಲೆ ಖಾರ ಮಾಡುವ ಬೇಸಿಗೆಯಲ್ಲಿ ನಾನು ಕೊತ್ತಂಬರಿ, ಜೀರಿಗೆ, ಕಲ್ಲುಹೂವು ಹುರಿಯುತ್ತಿದ್ದರೆ ಅವರು ಹೊರಗೆ ಪೇಪರು ಓದುತ್ತಲೇ "ಸಾಕು, ಇಳಿಸು" ಎನ್ನುತ್ತಿದ್ದರು. ಒಲೆಯ ಮುಂದೆ ನಿಂತವಳು ನಾನು, ಅಪ್ಪಣೆ ಹೊರಗಿನಿಂದ. ನನಗೆ ಸಿಟ್ಟು ಬರುತ್ತಿತ್ತು, ಆದರೆ ಇಳಿಸುತ್ತಿದ್ದೆ. ಅದು ಸರಿಯಾದ ಹೊತ್ತೇ ಆಗಿರುತ್ತಿತ್ತು.

ಹೀಗಿರುವಾಗ ಹೋದ ಚಳಿಗಾಲದಲ್ಲಿ ಅವರಿಗೆ ಎಂಟು ದಿನ ಜ್ವರ ಬಂತು. ಎದ್ದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ, "ನೀ ದಿನಾ ಹಾವೇರಿಗೆ ಬಸ್ಸಿನ್ಯಾಗ ಹೋಗಿ ಬಂದು ದಣೀತೀದಿ. ನಾಳಿಂದ ಮುಂಜಾನಿ ಅಡಿಗಿ ನಾ ಮಾಡ್ತೇನಿ" ಅಂದರು. ನನಗೆ ಕಣ್ಣಲ್ಲಿ ನೀರೇ ಬಂತು. ಸ್ಟಾಫ್ ರೂಮಿಗೆ ಹೋಗಿ ಡಂಗುರ ಹೊಡೆದೆ. ಮಗಳು ಗದಗಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಮನೆಯಲ್ಲಿ ನಾವಿಬ್ಬರೇ. ಇನ್ನೇನು ಬೇಕು ಅಂದುಕೊಂಡೆ.

ಮೊದಲ ವಾರ ಬೆಳ್ಳುಳ್ಳಿ. ಎರಡನೆಯ ವಾರ ಇಂಗು. ಆಮೇಲೆ ಗುರೆಳ್ಳು, ಅಗಸೆ, ಒಣಕೊಬ್ಬರಿ, ಮೆಂತ್ಯ, ಎಲ್ಲವನ್ನೂ ಹುರಿದು ಹುರಿದು ಕರಿ ಮಾಡಿ, ಪಾತ್ರೆಯ ಮೇಲೆ ಮುಖ ಬಗ್ಗಿಸಿ ನಿಂತಿರುತ್ತಿದ್ದರು. ರುಚಿಯ ಮಾತು ಬಿಡಿ, ಮಾಡಿ ಹಾಕಿದ್ದನ್ನು ಹಳಿಯಬಾರದು. ವಾಸನೆಯ ಮಾತು ಹೇಳುತ್ತೇನೆ. ಅದು ಪಡಸಾಲೆಯ ಪರದೆಗೆ ಹತ್ತಿತು, ಹಾಸಿಗೆಗೆ ಹತ್ತಿತು, ತಿದ್ದಲು ತಂದ ಉತ್ತರಪತ್ರಿಕೆಗಳಿಗೆ ಹತ್ತಿತು. ಪತ್ರಿಕೆ ವಾಪಸು ಕೊಟ್ಟ ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ನಿಮ್ಮ ಮನ್ಯಾಗ ಬಳ್ಳೊಳ್ಳಿ ಚಟ್ನಿ ಏನ್ರಿ?" ಎಂದು ಭಕ್ತಿಯಿಂದ ಕೇಳಿದಳು. ಪಾಪ, ಕುಚೋದ್ಯವಲ್ಲ, ಅವಳಿಗೆ ಹಸಿವಾಗಿತ್ತು.

ನಾನು ಕೈಕಟ್ಟಿ ಕೂರಲಿಲ್ಲ. ಎಕ್ಸಾಸ್ಟ್ ಫ್ಯಾನು ಹಾಕಿಸಿದೆ. ಅದು ನಮ್ಮ ಮನೆಯ ವಾಸನೆಯನ್ನು ಪಕ್ಕದ ಶಾಂತವ್ವನ ಪಡಸಾಲೆಗೆ ಸಾಗಿಸಿತು. ನಿಂಬೆಯ ಸಿಪ್ಪೆ ಕುದಿಸಿದೆ, ಕರ್ಪೂರ ಹಚ್ಚಿದೆ, ಊದಿನಕಡ್ಡಿ ಹಚ್ಚಿದೆ. ಸೀರೆಗಳನ್ನೆಲ್ಲ ಟ್ರಂಕಿಗೆ ಹಾಕಿ ಡಾಂಬರು ಗುಳಿಗೆ ಇಟ್ಟೆ. ಈಗ ನನ್ನ ಮೈಯಿಂದ ಇಂಗು, ಕರ್ಪೂರ, ಡಾಂಬರು ಮೂರೂ ಒಟ್ಟಿಗೆ ಹೊರಟು, ಬಸ್ಸಿನಲ್ಲಿ ಪಕ್ಕದ ಸೀಟು ಮೋಟೆಬೆನ್ನೂರಿನವರೆಗೂ ಖಾಲಿ ಉಳಿಯತೊಡಗಿತು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗಾಯಿತು. ಕೊನೆಗೆ ಉಳಿದ ಉಪಾಯವೇ ಈ ಟವೆಲ್ಲು. ಒದ್ದೆ ಮಾಡಿ ಸುತ್ತಿ ಬಾಗಿಲ ಬುಡಕ್ಕೆ ಒತ್ತಿ, ಅವರನ್ನು ಒಳಗೆ ಬಿಟ್ಟು, ನಾನು ಹೊರಗೆ ಸೀರೆಯುಡುತ್ತಿದ್ದೆ.

ಇನ್ನೊಂದು ಹೊಸ ಹವ್ಯಾಸವೂ ಶುರುವಾಗಿತ್ತು. ಪೇಟೆಯ ದಿನಕ್ಕೆ ಹಿಂದಿನ ಸಂಜೆ ಹಳ್ಳಿಗಳಿಂದ ಚೀಲ ಬಂದು ಇಳಿಯುತ್ತವೆ. ಅವುಗಳಿಂದ ಒಂದೊಂದು ಕಾಯಿ ಎತ್ತಿ ಅಂಗಿಯ ಜೇಬುಗಳಲ್ಲಿ ತುಂಬಿಕೊಂಡು ಬರುತ್ತಿದ್ದರು. ನಾನು ರೊಟ್ಟಿ ತಟ್ಟುತ್ತಿದ್ದರೆ ಹಿಂದಿನಿಂದ ಬಂದು ಮುರಿದ ಕಾಯಿಯನ್ನು ಮೂಗಿಗೆ ಹಿಡಿದು, "ಹೇಳು ನೋಡೂನು, ಹ್ಯಾಂಗೈತಿ?" ಎನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ಇಂಥ ಆಟ ಆಡುತ್ತಿದ್ದೆವು. ಐವತ್ತು ದಾಟಿದ ಮೇಲೆ ಗಂಡನಿಗೆ ಮತ್ತೆ ಸರಸ ಹುಟ್ಟಿತು ಎಂದು ನಾನು ಒಳಗೊಳಗೇ ಹಿಗ್ಗಿ, "ಇದು ಛಲೋ ಐತಿ", "ಇದು ಯಾಕೋ ಮುಗ್ಗಲ ಹೊಡೀತೈತ್ರಿ" ಎಂದು ಉತ್ತರ ಕೊಡುತ್ತಿದ್ದೆ. ಅವರು ಎಡಜೇಬು ಬಲಜೇಬು ನೋಡಿಕೊಂಡು ತಲೆಯಾಡಿಸುತ್ತಿದ್ದರು. ನಾನೆಂಥ ಜಾಣೆ ನೋಡಿ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಶಾಲೆಗೆ ಇನ್ಸ್‌ಪೆಕ್ಷನ್ ಇತ್ತು. ಹೊಸ ಇಳಕಲ್ಲು ಸೀರೆ ಉಟ್ಟು ಹೊರಟಿದ್ದೆ. ಅಷ್ಟರಲ್ಲಿ ಬಾಗಿಲು ಧಡಕ್ಕನೆ ತೆರೆದು, ಟವೆಲ್ಲು ಒಂದು ಕಡೆ ಹಾರಿ, ಸುಟ್ಟ ಮೆಂತ್ಯದ ಹೊಗೆಯೊಂದಿಗೆ ಅವರು ಡಬ್ಬಿ ಹಿಡಿದು ಬಂದರು. "ಇವತ್ತು ಘಮ್ಮಂತೈತಿ, ಹೌದಿಲ್ಲೋ?" ಎಂದು ಕೇಳಿದರು. ನನಗೆ ಎಲ್ಲಿತ್ತೋ ಸಿಟ್ಟು, "ನಿಮಗ ಮೂಗು ಐತೋ ಇಲ್ಲೋ?" ಅಂದೆ.

ಬೇರೆ ದಿನವಾಗಿದ್ದರೆ ಮೂಗಿನ ಮೇಲೊಂದು ಜೋರು ವಾಗ್ವಾದ ನಡೆಯಬೇಕಿತ್ತು. ಅವರು ಡಬ್ಬಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಟವೆಲ್ಲನ್ನು ಎತ್ತಿ ಮತ್ತೆ ಬಾಗಿಲ ಬುಡಕ್ಕೆ ಸರಿಯಾಗಿ ಒತ್ತಿ, ಹಿತ್ತಲಿಗೆ ಹೋದರು. ನಾನು ಡಬ್ಬಿ ಬಿಟ್ಟು ಹೋದೆ.

ಅದಾದ ಹತ್ತು ಹನ್ನೆರಡು ದಿನಕ್ಕೆ, ನಮ್ಮ ಶಾಲೆಯ ಹಿರಿಯ ಶಿಕ್ಷಕರೊಬ್ಬರು ತೀರಿಕೊಂಡು ಮಧ್ಯಾಹ್ನಕ್ಕೇ ರಜೆ ಕೊಟ್ಟರು. ಬಸ್ಸಿನಲ್ಲಿ ನಿದ್ದೆ ಹೋದವರಿಗೆ ಬ್ಯಾಡಗಿ ಬಂತೆಂದು ಕಂಡಕ್ಟರ್ ಹೇಳಬೇಕಿಲ್ಲ, ಸುಗ್ಗಿಯಲ್ಲಿ ಊರಿಗೆ ಕಾಲಿಟ್ಟೊಡನೆ ಇಡೀ ಬಸ್ಸು ಸೀನುತ್ತದೆ. ಆ ದಿನ ಊರಿಗಿಂತ ಹೆಚ್ಚು ನಮ್ಮ ಓಣಿ ಸೀನುತ್ತಿತ್ತು. ಶಾಂತವ್ವ ಸೆರಗು ಮೂಗಿಗೆ ಒತ್ತಿಕೊಂಡು ಕಟ್ಟೆಯ ಮೇಲೆ ನಿಂತಿದ್ದಳು.

"ಅಕ್ಕೋರ, ಲಗೂ ಒಳಗ ಹೋಗ್ರಿ. ಮುಂಜಾನಿಂದ ಇದು ಮೂರನೇ ಸಲ. ನಿಮ್ಮ ಮನ್ಯಾಗ ಯಾರಿಗೆ ದೃಷ್ಟಿ ತಗ್ಯಾಕತ್ತಾರ್ರಿ?"

ದೃಷ್ಟಿ ತೆಗೆಯುವುದು ನಿಮಗೆ ಗೊತ್ತಿರಬಹುದು. ಉಪ್ಪು, ಮೆಣಸಿನಕಾಯಿ ಹಿಡಿದು ಮೂರು ಸಲ ನಿವಾಳಿಸಿ ಬೆಂಕಿಗೆ ಹಾಕುತ್ತಾರೆ. ಘಾಟು ಬಂದರೆ ಏನೂ ಇಲ್ಲ. ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ಭಾರೀ ದೃಷ್ಟಿ ತಗಲಿದೆ ಎಂದರ್ಥ, ಘಾಟು ಬರುವ ತನಕ ಮತ್ತೆ ಮತ್ತೆ ತೆಗೆಯಬೇಕು. ಚಿಕ್ಕಂದಿನಲ್ಲಿ ಅವ್ವ ನನಗೆ ತೆಗೆದಾಗಲೆಲ್ಲ ನಾನು ಮೂಗು ಬಿಗಿ ಹಿಡಿದು "ಘಾಟು ಇಲ್ಲ" ಎಂದು ಸುಳ್ಳು ಹೇಳುತ್ತಿದ್ದೆ. ದೃಷ್ಟಿಯಾಗುವಷ್ಟು ಚೆಂದವಿದ್ದೇನೆ ಎಂದು ಅನ್ನಿಸಿಕೊಳ್ಳುವ ಆಸೆ.

ಒಳಗೆ ಹೋದೆ. ಬಾಗಿಲ ಬುಡದಲ್ಲಿ ಟವೆಲ್ಲನ್ನು ಅವರೇ ಒತ್ತಿ ಇಟ್ಟುಕೊಂಡಿದ್ದರು, ನನ್ನ ಸೀರೆಗಳಿಗೆ ಹತ್ತಬಾರದೆಂದು. ತಳ್ಳಿ ತೆರೆದರೆ ಒಲೆಯ ಮೇಲೆ ರೊಟ್ಟಿಯ ಹಂಚು ಕೆಂಪಗೆ ಕಾದಿದೆ, ಅದರ ಮೇಲೆ ಮೆಣಸಿನಕಾಯಿ ಸುಟ್ಟು ಇದ್ದಲಾಗಿವೆ. ಮುಂದೆ ನನ್ನ ಗಂಡ ಮುಷ್ಟಿ ತುಂಬ ಮೆಣಸಿನಕಾಯಿ ಹಿಡಿದು, ತಮ್ಮ ತಲೆಗೆ ತಾವೇ ನಿವಾಳಿಸಿಕೊಳ್ಳುತ್ತಾ ನಿಂತಿದ್ದಾರೆ. ನಾನು ಕೆಮ್ಮಿದೆ, ಸೀನಿದೆ, ಕಣ್ಣು ಬಿಡಲಾಗಲಿಲ್ಲ. ಅವರು ಕೆಮ್ಮುತ್ತಿರಲಿಲ್ಲ. ಮೂವತ್ತು ವರ್ಷ ಮೆಣಸಿನಕಾಯಿಯ ಧೂಳು ಕುಡಿದ ಗಂಟಲು ಯಾವ ಹೊಗೆಗೂ ಕೆಮ್ಮುವುದಿಲ್ಲ.

"ಏನ್ ಮಾಡಾಕತ್ತೀರಿ?" ಎಂದು ಹೇಗೋ ಕೇಳಿದೆ.

"ನಮ್ಮ ಬ್ಯಾಡಗಿ ಕಾಯಿಗೆ ಘಾಟ ಕಡಿಮಿ ಅಂತ ಗುಂಟೂರ ಕಾಯಿ ತಂದೇನಿ" ಎಂದರು, ತಪ್ಪು ಮಾಡಿ ಸಿಕ್ಕಿಬಿದ್ದವರ ದನಿಯಲ್ಲಿ. ಆಮೇಲೆ ನನ್ನ ಮುಖವನ್ನೇ ನೋಡುತ್ತಾ, "ಗಿರಿಜಾ, ಘಾಟ ಬಂತೇನ?" ಅಂದರು.

"ಬಂತೇನ ಅಂತ ಕೇಳ್ತೀರಲ್ರೀ! ಓಣಿ ತುಂಬ ಐತಿ!"

ಅವರು ಒಲೆ ಆರಿಸಿದರು. ಮುಷ್ಟಿಯಲ್ಲಿದ್ದ ಕಾಯಿಗಳನ್ನು ಒಂದೊಂದಾಗಿ ತಟ್ಟೆಗೆ ಹಾಕಿ ಮಣೆಯ ಮೇಲೆ ಕೂತರು.

"ಹಂಗಾದ್ರ ದೃಷ್ಟಿ ಅಲ್ಲ" ಎಂದರು. "ಮೂಗ ಹೋಗೇತಿ."

ಜ್ವರ ಬಿಟ್ಟ ದಿನದಿಂದ ಅವರಿಗೆ ಒಂದು ವಾಸನೆಯೂ ಬಂದಿರಲಿಲ್ಲ. ಮೊದಲು ನೆಗಡಿ ಎಂದುಕೊಂಡರಂತೆ. ಆಮೇಲೆ ಬೆಳ್ಳುಳ್ಳಿ ಸುಟ್ಟು ನೋಡಿದರು, ಬರಲಿಲ್ಲ. ಇಂಗು ನೋಡಿದರು, ಮೆಂತ್ಯ ನೋಡಿದರು. ಅವರು ಅಡುಗೆ ಮಾಡುತ್ತಿರಲಿಲ್ಲ, ಪ್ರತಿದಿನ ತಮ್ಮ ಮೂಗನ್ನು ಎಬ್ಬಿಸಲು ನೋಡುತ್ತಿದ್ದರು. ಎಲ್ಲ ಸೋತ ಮೇಲೆ, ಪೇಟೆಯಲ್ಲಿ ಇಷ್ಟು ವರ್ಷ ಎಲ್ಲರೂ ತಮ್ಮ ಮೂಗನ್ನು ಹೊಗಳಿ ಹೊಗಳಿ ದೃಷ್ಟಿ ತಗಲಿರಬೇಕು ಅನ್ನಿಸಿತಂತೆ. ದೃಷ್ಟಿಯಾದರೆ ತೆಗೆಯಬಹುದಲ್ಲ! ಕದ್ದು ಕದ್ದು ತೆಗೆದುಕೊಂಡರು. ಘಾಟು ಬರಲಿಲ್ಲ. ಅದೇ ಅವರಿಗೆ ದೃಷ್ಟಿಯ ಪುರಾವೆಯಾಯಿತು. ವಾಸನೆ ಬರದ ಮನುಷ್ಯ ಘಾಟು ಬರಲಿಲ್ಲವೆಂದು ಮತ್ತೆ ಮತ್ತೆ ಮೆಣಸಿನಕಾಯಿ ಸುಟ್ಟಿದ್ದ.

"ನನಗ ಯಾಕ ಹೇಳಲಿಲ್ಲರೀ?"

"ಏನಂತ ಹೇಳ್ಲಿ? ನೋಡಾಕ ಬಂದ ದಿನ ನೀ ನಕ್ಕಿದ್ದು ಈ ಮೂಗಿಗೆ ಅಲ್ಲೇನು?"

ನಾನು ಹತ್ತಿರ ಕೂತೆ. ಇಬ್ಬರ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಗುಂಟೂರು ಕಾಯಿಯ ಹೊಗೆಯಿರುವಾಗ ಅಳುವುದಕ್ಕೆ ಸಂಕೋಚವಿರುವುದಿಲ್ಲ. ಇನ್ಸ್‌ಪೆಕ್ಷನ್ ದಿನ ನಾನು ಅಂದಿದ್ದ ಆ ಮಾತು ನೆನಪಾಯಿತು. ಕ್ಷಮೆ ಕೇಳಲು ಬಾಯಿ ತೆರೆದರೆ ಕೆಮ್ಮು ಬಂತು. ಅವರೇ ಎದ್ದು ನೀರು ತಂದುಕೊಟ್ಟರು.

ಹಾವೇರಿಯ ಮೂಗಿನ ಡಾಕ್ಟರು ಪರೀಕ್ಷೆ ಮಾಡಿ, ಜ್ವರದ ನಂತರ ಕೆಲವರಿಗೆ ಹೀಗಾಗುತ್ತದೆ, ಮರಳಿ ಬರಬಹುದು, ಬರದೆಯೂ ಇರಬಹುದು ಎಂದರು. ಔಷಧಕ್ಕಿಂತ ಅಭ್ಯಾಸ ಮುಖ್ಯ, ದಿನಕ್ಕೆರಡು ಸಲ ನಾಲ್ಕು ಬೇರೆ ಬೇರೆ ವಾಸನೆ ತೋರಿಸಿ, ಮೂಸುವಾಗ ಆ ವಾಸನೆಯನ್ನು ನೆನಪು ಮಾಡಿಕೊಳ್ಳಬೇಕು ಎಂದರು. ಅಭ್ಯಾಸ ಮಾಡಿಸುವುದು ನನ್ನ ವೃತ್ತಿಯೇ. ಲವಂಗ, ನಿಂಬೆಸಿಪ್ಪೆ, ಕಾಫಿಪುಡಿ, ಒಡೆದ ಕೊತ್ತಂಬರಿ, ನಾಲ್ಕು ಬಟ್ಟಲು. ಕಣ್ಣು ಮುಚ್ಚಿಸಿ ಕೂರಿಸಿ, "ಇದು ಲವಂಗ, ನೆನಪ ಮಾಡ್ಕೊಳ್ರಿ" ಎನ್ನುವುದು.

"ಹ್ಯಾಂಗಿತ್ತು ಅನ್ನೋದ ಮರತೇನಿ, ನೀನ ಹೇಳು" ಎನ್ನುತ್ತಿದ್ದರು.

ಇಪ್ಪತ್ತೆಂಟು ವರ್ಷ ಪೈಥಾಗೊರಸನ ಪ್ರಮೇಯ ಹೇಳಿಕೊಟ್ಟವಳು ಲವಂಗದ ವಾಸನೆ ಹೇಳಿಕೊಡಲಾಗದೆ ಒದ್ದಾಡಿದೆ. ವಾಸನೆಗೆ ಮಾತಿಲ್ಲ ನೋಡಿ. ಕಡೆಗೆ ಒಂದು ದಾರಿ ಹೊಳೆಯಿತು. ವಾಸನೆ ಹೇಳುವ ಬದಲು ಅದು ಬಂದ ಜಾಗ ಹೇಳತೊಡಗಿದೆ. ಲವಂಗ ಅಂದರೆ ನಮ್ಮ ಅಜ್ಜಿಯ ಸಂಚಿ, ಅವಳು ಹಲ್ಲುನೋವಿಗೆ ದವಡೆಯಲ್ಲಿಟ್ಟುಕೊಂಡು ಮುತ್ತು ಕೊಟ್ಟರೆ ಕೆನ್ನೆ ತಣ್ಣಗಾಗುತ್ತಿತ್ತು. ನಿಂಬೆ ಅಂದರೆ ಮೇಡ್ಲೇರಿಯ ಚಿಕ್ಕವ್ವನ ಹಿತ್ತಲು. ಹೊಳೆಯಲ್ಲಿ ಈಜಿ ಒದ್ದೆ ಲಂಗದಲ್ಲಿ ಓಡಿಬಂದರೆ ಕಾಲಿಗಂಟಿದ ಬಿಸಿ ಉಸುಕು, ಕೈಯಲ್ಲಿ ಕಿತ್ತ ನಿಂಬೆ ಎಲೆ, ಚಿಕ್ಕವ್ವನ ಬೈಗುಳ. ಒಡೆದ ಕೊತ್ತಂಬರಿ ಅಂದರೆ ಅವರದೇ "ಸಾಕು, ಇಳಿಸು".

ಅವರು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು. ವಾಸನೆ ಬರಲಿಲ್ಲ. ಆದರೆ ಇಷ್ಟು ವರ್ಷದಲ್ಲಿ ಮೇಡ್ಲೇರಿಯ ಹೊಳೆಯ ಸುದ್ದಿಯನ್ನು ನಾನು ಅವರಿಗೆ ಹೇಳಿದ್ದೇ ಇಲ್ಲವೆಂದು ಆಗ ತಿಳಿಯಿತು.

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಂತು. ಪೇಟೆಗೆ ನಾನೂ ಬರುತ್ತೇನೆ, ನಿಮ್ಮ ಮೂಗಾಗಿ ನಿಲ್ಲುತ್ತೇನೆ ಎಂದೆ. ಯಾರಿಗೂ ಗೊತ್ತಾಗಬಾರದೆಂದು ಒಂದು ಸಂಕೇತ ಮಾಡಿಕೊಂಡೆವು. ಮಾಲು ಚೆನ್ನಾಗಿದ್ದರೆ ಸೆರಗು ಸರಿಮಾಡಿಕೊಳ್ಳುವುದು, ಮುಗ್ಗಿದ್ದರೆ ಒಮ್ಮೆ ಕೆಮ್ಮುವುದು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ನಟ್ಟನಡುವೆ, ಕೆಮ್ಮನ್ನು ಗುಟ್ಟಿನ ಸಂಕೇತ ಮಾಡಿಕೊಂಡ ಬುದ್ಧಿವಂತೆ ನನ್ನನ್ನು ಬಿಟ್ಟರೆ ಇನ್ನೊಬ್ಬಳು ಹುಟ್ಟಿರಲಾರಳು.

ದಲಾಲಿ ಅಂಗಡಿಯ ರುದ್ರಪ್ಪನವರು ನನ್ನನ್ನು ಕಂಡು, "ಬರ್ರಿ ಟೀಚರ್, ಕುಂದ್ರಿ" ಎಂದು ಕುರ್ಚಿ ಹಾಕಿಸಿದರು. ನಾನು ಕೂರಲಿಲ್ಲ, ಚೀಲದಿಂದ ಚೀಲಕ್ಕೆ ನಡೆದೆ. ಮೊದಲ ಚೀಲದ ಬಾಯಿ ಬಿಚ್ಚಿದೊಡನೆ ಕೆಮ್ಮು ಹತ್ತಿತು, ಮತ್ತೆ ನಿಲ್ಲಲೇ ಇಲ್ಲ. ಚಿನ್ನದಂಥ ಮಾಲಿಗೂ ಕೆಮ್ಮಿದೆ. ಅವರು ನನ್ನ ಕಡೆ ನೋಡಿ, "ಬ್ಯಾಡ, ಇದು ಬ್ಯಾಡ, ಇದೂ ಬ್ಯಾಡ" ಎನ್ನುತ್ತಾ ಹೋದರು. ನಾನು ಸೆರಗು ಸರಿಮಾಡಿಕೊಳ್ಳಲು ಪರದಾಡುತ್ತಾ ಕೆಮ್ಮುತ್ತಿದ್ದೆ. ಏಳನೆಯ ಚೀಲಕ್ಕೆ ಅದರ ರೈತ ತಡೆಯಲಾರದೆ, "ಈರಣ್ಣಾರ, ದೇವರಾಣಿ ಹೇಳ್ರಿ, ಈ ಮಾಲಿನ್ಯಾಗ ಏನ್ ಐಬೈತ್ರಿ?" ಎಂದು ಕೇಳಿದ. ಮುದುಕ. ತಿಂಗಳುಗಟ್ಟಲೆ ಬಿಸಿಲಲ್ಲಿ ಒಣಗಿಸಿ ತಂದ ಮಾಲು.

ಇವರು ಕೈಯಲ್ಲಿದ್ದ ಕಾಯಿಯನ್ನು ಚೀಲಕ್ಕೆ ವಾಪಸು ಹಾಕಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ನಿನ್ನ ಮಾಲಿನ್ಯಾಗ ಐಬಿಲ್ಲಪಾ ಯಜಮಾನ. ನನ್ನ ಮೂಗಿನ್ಯಾಗ ಐತಿ. ನನಗ ವಾಸನಿ ಬರವಲ್ದು, ಜ್ವರ ಬಂದಾಗಿಂದ" ಎಂದರು.

ನನ್ನ ಕೆಮ್ಮು ತಟ್ಟನೆ ನಿಂತಿತು. ರುದ್ರಪ್ಪನವರು ಹತ್ತಿರ ಬಂದರು.

"ನನಗ ಗೊತ್ತೈತ್ರಿ ಈರಣ್ಣಾರ. ಮದಲ ನೀವು ಕಾಯಿ ಮುರದು ಒಮ್ಮೆ ಮೂಗಿಗೆ ಹಿಡೀತಿದ್ರಿ. ಈ ವರ್ಷ ನಾಕ ನಾಕ ಸಲ ಹಿಡ್ಯಾಕತ್ತೀರಿ. ನೀವ ಬಾಯಿಬಿಟ್ಟು ಹೇಳ್ಲಿ ಅಂತ ಸುಮ್ಮನಿದ್ದೆ. ಆದರೂ ನೀವು ಆರಿಸಿದ್ದು ಒಂದೂ ಕೆಟ್ಟಿಲ್ಲಲ್ಲ, ಅದು ಹ್ಯಾಂಗಂತ ತಿಳೀಲಿಲ್ಲ."

"ಅದಾ? ಅದು ಇಕೀ ಮೂಗು" ಎಂದು ಇವರು ನನ್ನನ್ನು ತೋರಿಸಿದರು. ಎಡಜೇಬು ಬಲಜೇಬಿನ ಅರ್ಥ ನನಗೆ ಆಗ ಆಯಿತು. ಸಂಜೆ ನಾನು ಹೇಳಿದ್ದನ್ನೇ ಅವರು ಮರುದಿನ ಪೇಟೆಯಲ್ಲಿ ಹೇಳುತ್ತಿದ್ದರು. ಸರಸ ಎಂದುಕೊಂಡಿದ್ದೆನಲ್ಲ, ಅದಕ್ಕೆ ಈಗಲೂ ನಾನು ಸರಸವೆಂದೇ ಹೆಸರಿಟ್ಟಿದ್ದೇನೆ.

"ಕಣ್ಣೈತಿ, ಕೈ ಐತಿ, ಕಿವಿ ಐತಿ. ಮೂಗ ಬರೂತನಕ ಮೂಸೋದು ನಾ ಮೂಸ್ತೇನಿ" ಎಂದರು ರುದ್ರಪ್ಪನವರು. "ಟೀಚರ್ ಮಾತ್ರ ನಾಳಿಂದ ಬರೋದು ಬ್ಯಾಡ್ರಿ, ಪೇಟಿ ರೇಟು ಬೀಳತೈತಿ."

ಹೀಗೆ ಪೇಟೆಯ ಭಯ ಕಳೆಯಿತು. ಮೂಗು ಬರಲಿಲ್ಲ. ನಾಲ್ಕು ಬಟ್ಟಲು ನಡೆದೇ ಇತ್ತು. ಆ ಬೇಸಿಗೆ ಮಸಾಲೆ ಖಾರಕ್ಕೆ ಹುರಿಯುವಾಗ ಪಡಸಾಲೆಯಿಂದ "ಇಳಿಸು" ಎಂಬ ದನಿ ಬರಲಿಲ್ಲ. ಪೇಪರಿನ ಹಾಳೆ ತಿರುವುವ ಸದ್ದು ಮಾತ್ರ. ಕೊತ್ತಂಬರಿ ಸ್ವಲ್ಪ ಹಸಿಯಾಗಿಯೇ ಉಳಿಯಿತು. ವರ್ಷವಿಡೀ ಉಣ್ಣಬೇಕಾದ ಖಾರ, ಒಂದು ಮಾತಿನ ಕೊರತೆಯಿಂದ ಕೆಟ್ಟಿತಲ್ಲ ಎಂದು ಅಳು ಬಂತು.

ಮೇ ತಿಂಗಳ ಕೊನೆಯಲ್ಲೊಂದು ಬೆಳಿಗ್ಗೆ ಬಾಣಲೆಯಲ್ಲಿ ಶೇಂಗಾ ಹಾಕಿ, ಉರಿ ಸಣ್ಣ ಮಾಡಿ, ಎರಡೇ ನಿಮಿಷ ಎಂದು ಮಾಳಿಗೆಯ ಮೇಲೆ ಸಂಡಿಗೆ ತಿರುವಿ ಹಾಕಲು ಹೋದೆ. ಆಚೆ ಮಾಳಿಗೆಯಲ್ಲಿ ಶಾಂತವ್ವ ಸಿಕ್ಕಳು. ಶಾಂತವ್ವ ಸಿಕ್ಕರೆ ಎರಡು ನಿಮಿಷಕ್ಕೆ ಗಡಿಯಾರದ ಹಂಗಿಲ್ಲ. ಅವಳು ಸೊಸೆಯ ಪುರಾಣದ ನಡುವೆ ಇದ್ದಾಗ ಕೆಳಗಿನ ಪಡಸಾಲೆಯಿಂದ ದೊಡ್ಡ ದನಿ ಕೇಳಿತು.

"ಗಿರಿಜಾ! ಶೇಂಗಾ ಹೊತ್ತಾಕತ್ತಾವು!"

"ಬಂದ್ನಿರೀ" ಎಂದು ನಾನು ಅಭ್ಯಾಸದಂತೆ ಕೂಗಿ, ಎರಡು ಮೆಟ್ಟಿಲು ಇಳಿದೆ. ಮೂರನೆಯ ಮೆಟ್ಟಿಲಿಗೆ ಕಾಲು ನಿಂತುಬಿಟ್ಟಿತು. ಅಡುಗೆಮನೆಯ ಬಾಗಿಲನ್ನು ನಾನೇ ಮುಚ್ಚಿ ಬಂದಿದ್ದೆ. ಬುಡದಲ್ಲಿ ಟವೆಲ್ಲು ಇತ್ತು.

ಕೆಳಗೆ ಬಂದಾಗ ಅವರು ಆ ಬಾಗಿಲು ತೆಗೆದು, ಟವೆಲ್ಲು ತುಳಿದುಕೊಂಡು ಒಳಗೆ ಹೋಗಿದ್ದರು. ಬಾಣಲೆ ಇಳಿಸುತ್ತಾ, ಹಳೆಯ ಅಧಿಕಾರದಲ್ಲಿ, ನನ್ನ ಕಡೆ ತಿರುಗಿ ನೋಡದೆಯೇ ರೇಗಿದರು.

"ಇಷ್ಟು ಹೊತ್ತಿದ್ರೂ ಗೊತ್ತಾಗವಲ್ದು? ನಿನಗ ಮೂಗು ಐತೋ ಇಲ್ಲೋ?"

ಅಂದದ್ದು ಅವರ ಕಿವಿಗೇ ಆಮೇಲೆ ಬಿತ್ತು. ಬಾಣಲೆ ಹಿಡಿದ ಕೈ ಹಾಗೇ ನಿಂತಿತು. ಕಪ್ಪಾದ ಶೇಂಗಾದ ಮೇಲೆ ಮೆಲ್ಲಗೆ ಮುಖ ಬಗ್ಗಿಸಿದರು. ಒಂದು ಸಲ. ಒಂದೇ ಸಲ.

"ಇಲ್ರೀ" ಎಂದೆ ನಾನು. "ನನಗಿಲ್ಲ. ನಿಮಗೈತಿ."